ಇದೊಂದ್ಸಲ ಮಾತ್ರ

1959ರಲ್ಲಿ ಅಮೆರಿಕದ ಮನೋವಿಜ್ಞಾನ ಪತ್ರಿಕೆಯೊಂದರಲ್ಲಿ ಸಿ. ಡಿ. ವಿಲಿಯಮ್ಸ್ ಎಂಬವರ ಒಂದೇ ಪುಟದ ವರದಿ ಬಂತು. ವಿಷಯ, 21 ತಿಂಗಳ ಗಂಡುಮಗುವೊಂದರ ರಾತ್ರಿ ರಂಪ. ಹುಟ್ಟಿದ ಮೊದಲ ಒಂದೂವರೆ ವರ್ಷ ಮಗುವಿಗೆ ತೀವ್ರ ಕಾಯಿಲೆಯಿತ್ತು, ಮನೆಯವರು ವಿಶೇಷವಾಗಿ ನೋಡಿಕೊಳ್ಳಬೇಕಾಗಿತ್ತು. ಕಾಯಿಲೆ ವಾಸಿಯಾಯಿತು, ಪಕ್ಕದಲ್ಲಿ ಯಾರಾದರೂ ಇರಲೇಬೇಕೆಂಬ ಹಠ ಉಳಿಯಿತು. ಮಲಗಿಸಿದವರು ಎದ್ದು ಹೊರಟರೆ ರಚ್ಚೆ. ನಿದ್ದೆ ಹತ್ತುವ ತನಕ, ಅಂದರೆ ಅರ್ಧ ಗಂಟೆಯಿಂದ ಎರಡು ಗಂಟೆ, ಅಲ್ಲೇ ಕೂತಿರಬೇಕು. ಸುಮ್ಮನೆ ಕೂತರೂ ಸಾಲದು. ಓದಲು ಏನಾದರೂ ಕೈಗೆತ್ತಿಕೊಂಡರೆ ಅದನ್ನು ಕೆಳಗಿಡುವ ತನಕ ಅಳು.

ಮಗು ಆರೋಗ್ಯವಾಗಿದೆ, ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮನೆಯವರು ಒಂದು ತೀರ್ಮಾನಕ್ಕೆ ಬಂದರು. ಸಮಾಧಾನವಾಗಿ ಮಲಗಿಸುವುದು, ಬಾಗಿಲು ಹಾಕಿಕೊಂಡು ಹೊರಗೆ ಬರುವುದು, ಅತ್ತರೂ ಒಳಗೆ ಹೋಗದಿರುವುದು. ಮೊದಲ ಸಲ ಮಗು 45 ನಿಮಿಷ ಅತ್ತಿತು. ಎರಡನೇ ಸಲ ಅಳಲೇ ಇಲ್ಲ, ಹಿಂದಿನ ದಿನದ ಸುಸ್ತಿರಬೇಕು. ಆಮೇಲೆ ಸ್ವಲ್ಪ ಸ್ವಲ್ಪ. ಹತ್ತನೇ ಸಲದ ಹೊತ್ತಿಗೆ ಹೊರಟವರನ್ನು ನೋಡಿ ನಗತೊಡಗಿತ್ತು.

ಸುಮಾರು ಒಂದು ವಾರ ಕಳೆದಿರಬಹುದು, ಆ ದಿನ ಮಲಗಿಸುವ ಸರದಿ ಆಂಟಿಯದು. ಮಗು ರಾಗ ತೆಗೆಯಿತು. ಆಂಟಿ ಒಳಗೆ ಹೋದರು, ನಿದ್ದೆ ಬರುವ ತನಕ ಕೂತರು. ಒಂದೇ ಒಂದು ಸಲ! ಇಡೀ ಪ್ರಕ್ರಿಯೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಎರಡನೇ ಸುತ್ತಿನಲ್ಲೂ ಅಳು ನಿಂತಿತು, ಮುಂದಿನ ಎರಡು ವರ್ಷ ಮಲಗುವ ಹೊತ್ತಿನ ರಂಪ ಕಾಣಿಸಲಿಲ್ಲ ಎಂದು ವರದಿ ಮುಗಿಯುತ್ತದೆ.

ವರ್ತನೆಗಳ ಕಾರಣ ಹುಡುಕುವ ಶಾಸ್ತ್ರವಾದ ವರ್ತನಾ ವಿಶ್ಲೇಷಣೆಯ ಮುಖ್ಯ ಪರಿಕಲ್ಪನೆಗಳೆಲ್ಲ ಈ ಒಂದು ಪುಟದಲ್ಲಿ ಸಿಗುತ್ತವೆ. ನಮ್ಮಲ್ಲಾದರೆ ಆ ಮಗುವಿಗೆ ‘ಹಠಮಾರಿ’ ಎಂಬ ಬಿರುದು ಕೊಟ್ಟು ಮುಗಿಸುತ್ತಿದ್ದೆವು. ಯಾಕೆ ಅಳುತ್ತದೆ? ಹಠಮಾರಿ, ಅದಕ್ಕೆ. ಹಠಮಾರಿ ಅಂತ ಹೇಗೆ ಗೊತ್ತು? ನೋಡಿ, ಅಳುತ್ತಿದೆಯಲ್ಲ! ಈ ಗಾಣದೆತ್ತಿನ ಸುತ್ತಾಟದಿಂದ ತಪ್ಪಿಸಿಕೊಳ್ಳಲು ವಿಶ್ಲೇಷಕರು ಮಗುವಿನ ಸ್ವಭಾವವನ್ನು ಪಕ್ಕಕ್ಕಿಟ್ಟು ಕಣ್ಣಿಗೆ ಕಾಣುವ ಮೂರು ಸಂಗತಿ ಬರೆದುಕೊಳ್ಳುತ್ತಾರೆ: ಮುಂಚೆ ಏನಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ದೊಡ್ಡವರು ಎದ್ದು ಹೊರಟರು, ಮಗು ಅತ್ತಿತು, ದೊಡ್ಡವರು ವಾಪಸ್ ಬಂದರು. ಗುಟ್ಟು ಮೂರನೆಯದರಲ್ಲಿದೆ.

ಒಂದು ವರ್ತನೆಯ ಬೆನ್ನಿಗೇ ಏನೋ ಆಗಿ, ಅದರಿಂದಾಗಿ ಆ ವರ್ತನೆ ಮುಂದೆ ಹೆಚ್ಚಾದರೆ ಅದಕ್ಕೆ ಪುನರ್ಬಲನ ಎಂದು ಹೆಸರು. ಡಿ.ಎಡ್., ಬಿ.ಎಡ್. ಓದಿದವರಿಗೆ ಈ ಮಾತು ಹಳೆಯದು. ಇದನ್ನು ‘ಬಹುಮಾನ’ ಎಂದುಕೊಂಡರೆ ಮಾತ್ರ ದಾರಿ ತಪ್ಪುತ್ತದೆ. ಬಹುಮಾನ ಕೊಡುವವರಿಗೆ ಉದ್ದೇಶವಿರುತ್ತದೆ. ಇಲ್ಲಿ ಯಾರ ಉದ್ದೇಶಕ್ಕೂ ಕಿಮ್ಮತ್ತಿಲ್ಲ, ಪರಿಣಾಮಕ್ಕಷ್ಟೇ. ಮಗುವಿಗೆ ಅಳುವುದನ್ನು ಕಲಿಸಬೇಕೆಂದು ಆ ಮನೆಯಲ್ಲಿ ಯಾರೂ ಹೊರಟಿರಲಿಲ್ಲ. ಬೈಗುಳವೂ ಹೀಗೆಯೇ. ಯಾರೂ ಮಾತಾಡಿಸದ ಹುಡುಗನಿಗೆ ಅಮ್ಮ ಗದರಿದ್ದೇ ಸಿಕ್ಕ ಮಾತು. ಗದರಿದಷ್ಟೂ ಅವನ ಕೀಟಲೆ ಹೆಚ್ಚಾದರೆ, ಅಮ್ಮನ ಪಾಲಿಗೆ ಅದು ಶಿಕ್ಷೆಯಾಗಿದ್ದರೂ ಶಾಸ್ತ್ರದ ಲೆಕ್ಕದಲ್ಲಿ ಪುನರ್ಬಲನ.

ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ ಇನ್ನೊಂದಿದೆ, ಋಣಾತ್ಮಕ ಪುನರ್ಬಲನ. ಋಣ ಎಂದ ಕೂಡಲೇ ಶಿಕ್ಷೆ ಎಂದು ಬರೆದುಬಿಡುತ್ತಾರೆ. ಅಲ್ಲ. ಧನ, ಋಣ ಎರಡೂ ಇಲ್ಲಿ ಗಣಿತದ ಚಿಹ್ನೆಗಳು: ಏನೋ ಸೇರಿತು, ಏನೋ ಕಳೆಯಿತು, ಅಷ್ಟೇ. ಅಳುವ ಮಗುವಿಗೆ ಜೊತೆ ಸಿಕ್ಕಿತು, ಅಳು ಹೆಚ್ಚಿತು, ಅದು ಧನಾತ್ಮಕ. ಒಳಗೆ ಹೋದ ಆಂಟಿಯ ಕಡೆಯಿಂದ ನೋಡಿ. ಕಿವಿಗೆ ಬಡಿಯುತ್ತಿದ್ದ ಅಳು ನಿಂತಿತು. ಹಾಗಾಗಿ ನಾಳೆಯೂ ಒಳಗೆ ಹೋಗುವ ಸಾಧ್ಯತೆ ಹೆಚ್ಚಿತು. ಅದು ಋಣಾತ್ಮಕ. ಮಗು ದೊಡ್ಡವರಿಗೂ, ದೊಡ್ಡವರು ಮಗುವಿಗೂ ಒಟ್ಟೊಟ್ಟಿಗೆ ಪಾಠ ಹೇಳುತ್ತಿರುತ್ತಾರೆ. ಇಬ್ಬರಿಗೂ ತಾವು ಕಲಿಯುತ್ತಿರುವುದು ಗೊತ್ತಿರುವುದಿಲ್ಲ.

ಪುನರ್ಬಲನ ಸಿಗುವುದು ನಿಂತಾಗ ವರ್ತನೆ ಕ್ರಮೇಣ ನಂದುತ್ತದೆ. ಇದು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್‌ಗೆ ಕಂಡದ್ದು ಯಂತ್ರ ಕೆಟ್ಟಿದ್ದರಿಂದ. ಸನ್ನೆಕೋಲು ಒತ್ತಿದರೆ ಇಲಿಗೆ ಆಹಾರದ ಗುಳಿಗೆ ಬೀಳುವ ಪೆಟ್ಟಿಗೆ ಅವರದು. ಒಂದು ದಿನ ಗುಳಿಗೆ ಸಿಕ್ಕಿಹಾಕಿಕೊಂಡಿತು. ಇಲಿ ಒತ್ತಿತು, ಒತ್ತಿತು, ನಿಧಾನವಾಗಿ ಬಿಟ್ಟಿತು, ಆ ಏರಿಳಿತವೆಲ್ಲ ಕಾಗದದ ಮೇಲೆ ಗೆರೆಯಾಗಿ ಮೂಡಿತ್ತು. ಆ ದಿನ ಶುಕ್ರವಾರ, ಸಂಜೆ ಸಮೀಪಿಸಿತ್ತು, ಹೇಳೋಣವೆಂದರೆ ಲ್ಯಾಬಿನಲ್ಲಿ ಯಾರೂ ಇಲ್ಲ. ಸೋಮವಾರದ ತನಕ ರಸ್ತೆ ದಾಟುವಾಗಲೂ ತುಂಬ ಹುಷಾರಾಗಿದ್ದೆ, ತಾನು ಸತ್ತರೆ ಸಂಗತಿ ತನ್ನೊಂದಿಗೇ ಹೋಗುತ್ತದಲ್ಲ ಎಂಬ ಅರ್ಥದಲ್ಲಿ ಸ್ಕಿನ್ನರ್ ನೆನಪಿಸಿಕೊಂಡಿದ್ದಾರೆ.

ಎರಡನೆಯ ಶೋಧಕ್ಕೆ ಕಾರಣ ಬಡತನ, ಅಥವಾ ಸೋಮಾರಿತನ. ಆಗ ಗುಳಿಗೆಗಳನ್ನು ಔಷಧ ಅಂಗಡಿಯ ಮಾತ್ರೆ ಯಂತ್ರದಂಥದ್ದರಲ್ಲಿ ಅವರೇ ಮಾಡಿಕೊಳ್ಳಬೇಕಿತ್ತು. ಎಂಟು ಇಲಿಗಳು, ತಲಾ ದಿನಕ್ಕೆ ನೂರು ಗುಳಿಗೆ. ಒಂದು ಶನಿವಾರ ಮಧ್ಯಾಹ್ನ ಲೆಕ್ಕ ಹಾಕಿದರೆ ದಾಸ್ತಾನು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಖಾಲಿ. ರಜೆಯ ದಿನ ಗುಳಿಗೆ ತಿರುವುತ್ತ ಕೂರುವವರು ಯಾರು? ಪ್ರತಿ ಒತ್ತಿಗೂ ಯಾಕೆ ಕೊಡಬೇಕು, ನಿಮಿಷಕ್ಕೆ ಒಂದು ಸಾಕು ಎಂದು ಬದಲಾಯಿಸಿದರು. ಇಲಿಗಳು ಬೇಸತ್ತು ಬಿಡಲಿಲ್ಲ, ಒಂದೇ ಗತಿಯಲ್ಲಿ ಒತ್ತುತ್ತಲೇ ಇದ್ದವು. ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಪಾರಿವಾಳಗಳ ಮೇಲೆ ಇದನ್ನೇ ನಾನಾ ಬಗೆಯಲ್ಲಿ ಪರೀಕ್ಷಿಸಿ ಅವರು 1957ರಲ್ಲಿ ದಪ್ಪ ಗ್ರಂಥವನ್ನೇ ಹೊರತಂದರು. ಪ್ರತಿ ಸಲವೂ ಪುನರ್ಬಲನ ಸಿಗುತ್ತಿದ್ದ ವರ್ತನೆ, ಅದು ನಿಂತ ಮೇಲೆ ಬೇಗ ನಂದುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದದ್ದು ಬಹುಕಾಲ ಜಗ್ಗುವುದಿಲ್ಲ.

ಅಂಗಡಿ ಮುಂದೆ ಚಾಕೊಲೇಟಿಗೆ ಅಳುವ ಮಗುವಿಗೆ ನಾಲ್ಕು ದಿನ ‘ಇಲ್ಲ’ ಎಂದು, ಐದನೇ ದಿನ ಜನ ನೋಡುತ್ತಾರೆಂದು ‘ಇದೊಂದ್ಸಲ ಮಾತ್ರ’ ಎನ್ನುವವರು ಆಗೊಮ್ಮೆ ಈಗೊಮ್ಮೆ ಕೊಡುವ ಈ ಎರಡನೇ ಕ್ರಮವನ್ನೇ ಪಾಲಿಸುತ್ತಿದ್ದಾರೆ. ತೊಂದರೆ ಏನೆಂದರೆ, ಕೊಡುವುದನ್ನು ನಿಲ್ಲಿಸಿದ ಹೊಸತರಲ್ಲಿ ಅಳು ಇಳಿಯುವ ಮುನ್ನ ಒಮ್ಮೆ ಏರುವುದುಂಟು. ಲಿಫ್ಟ್ ಬರದಿದ್ದರೆ ನಾವು ಬಟನ್ನನ್ನು ಇನ್ನಷ್ಟು ಜೋರಾಗಿ ಒತ್ತುವುದಿಲ್ಲವೇ? ಹೆಚ್ಚಿನವರು ಸೋಲುವುದು ಆ ಏರಿನಲ್ಲೇ. ಆಗ ಮಗುವಿಗೆ ಸಿಕ್ಕ ಚಾಕೊಲೇಟು ಬರೀ ಅಳುವಿಗಲ್ಲ, ತಾರಕಕ್ಕೇರಿದ ಅಳುವಿಗೆ. ನನ್ನನ್ನು ಕೇಳಿದರೆ, ಕೊಡುವುದೇ ಆದರೆ ಬಾಯಿ ತೆರೆಯುವ ಮುಂಚೆಯೇ ಕೊಟ್ಟುಬಿಡುವುದು ಲೇಸು.

ಹಾಗಂತ ಅಳುವ ಮಕ್ಕಳನ್ನೆಲ್ಲ ಬಾಗಿಲಾಚೆ ಬಿಡಿ ಎಂದು ಇದರ ಅರ್ಥವಲ್ಲ. ವಿಲಿಯಮ್ಸ್ ವರದಿಯಲ್ಲಿ ಡಾಕ್ಟರ ಮಾತು ಮೊದಲು ಬರುವುದು ಸುಮ್ಮನೆ ಅಲ್ಲ. ಒಂದೇ ಥರ ಕಾಣುವ ವರ್ತನೆಗಳ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಗಣಿತದ ಪಿರಿಯಡ್ಡಿನಲ್ಲಿ ಗಲಾಟೆ ಮಾಡುವ ಹುಡುಗನನ್ನು ಮೇಷ್ಟ್ರು ಹೊರಗೆ ನಿಲ್ಲಿಸುತ್ತಾರೆ. ಅವನಿಗೆ ಬೇಕಿದ್ದದ್ದು ಗೆಳೆಯರ ನಗೆಯಾಗಿದ್ದರೆ ಇದು ಕೆಲಸ ಮಾಡೀತು. ಭಿನ್ನರಾಶಿಯಿಂದ ತಪ್ಪಿಸಿಕೊಳ್ಳುವುದೇ ಬೇಕಿದ್ದರೆ? ಮೇಷ್ಟ್ರು ಅವನ ಕೆಲಸವನ್ನು ಸಲೀಸು ಮಾಡಿಕೊಟ್ಟರು. ಕ್ಲಾಸು ಶಾಂತವಾದ್ದರಿಂದ ಮೇಷ್ಟ್ರಿಗೂ ಲಾಭ. ನಾಳೆ ಇಬ್ಬರೂ ಅದನ್ನೇ ಮಾಡುತ್ತಾರೆ.

ಕಾರಣವನ್ನು ಊಹಿಸದೆ ಪತ್ತೆಹಚ್ಚುವ ವಿಧಾನವನ್ನು ಬ್ರಯಾನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ತಮ್ಮನ್ನು ತಾವೇ ಹೊಡೆದುಕೊಳ್ಳುವ, ಕಚ್ಚಿಕೊಳ್ಳುವ ಒಂಬತ್ತು ಮಂದಿಯನ್ನು ಅವರು ಬೇರೆ ಬೇರೆ ಸನ್ನಿವೇಶದಲ್ಲಿ ಗಮನಿಸಿದರು. ಒಂದರಲ್ಲಿ ಹೊಡೆದುಕೊಂಡಾಗ ಮಾತ್ರ ಯಾರಾದರೂ ಕಾಳಜಿ ತೋರುತ್ತಾರೆ, ಇನ್ನೊಂದರಲ್ಲಿ ಹೊಡೆದುಕೊಂಡರೆ ಪಾಠದಿಂದ ಬಿಡುವು, ಮತ್ತೊಂದರಲ್ಲಿ ಒಂಟಿಯಾಗಿ ಬಿಡುತ್ತಾರೆ, ನಾಲ್ಕನೆಯದರಲ್ಲಿ ಆಟಿಕೆ, ಮಾತು ಎಲ್ಲ ಇದ್ದು ಯಾವ ಒತ್ತಾಯವೂ ಇಲ್ಲ. ಒಂಬತ್ತರಲ್ಲಿ ಆರು ಮಂದಿಯ ವರ್ತನೆ ಯಾವುದೋ ಒಂದು ಸನ್ನಿವೇಶದಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು, ಆದರೆ ಎಲ್ಲರಿಗೂ ಅದು ಒಂದೇ ಸನ್ನಿವೇಶವಾಗಿರಲಿಲ್ಲ.

ಈ ಶಾಸ್ತ್ರದ ಚರಿತ್ರೆಯೆಲ್ಲ ಇಷ್ಟು ಸೌಮ್ಯವಲ್ಲ. 1960ರ ದಶಕದಲ್ಲಿ ಮನೋವಿಜ್ಞಾನಿ ಐವಾರ್ ಲೋವಾಸ್ ಆಟಿಸಂ ಇರುವ ಮಕ್ಕಳ ಮೇಲೆ ವಿದ್ಯುತ್ ಶಾಕ್ ಕೂಡ ಬಳಸಿದ್ದರು. ಯಾರಿಗೂ ತೊಂದರೆ ಕೊಡದ ಕೈಬೀಸುವಿಕೆಯನ್ನೂ ತಿದ್ದಲು ಹೊರಟ ತರಬೇತಿಗಳನ್ನು ಆಟಿಸಂ ಇರುವ ವಯಸ್ಕರೇ ಇಂದು ಟೀಕಿಸುತ್ತಾರೆ. ಆ ಟೀಕೆ ನ್ಯಾಯವಾದದ್ದು. ವರ್ತನೆಯನ್ನು ಬದಲಾಯಿಸಬಲ್ಲೆವು ಎಂಬುದು, ಬದಲಾಯಿಸಬೇಕೇ ಎಂಬ ಪ್ರಶ್ನೆಗೆ ಉತ್ತರವಾಗದು.

ಹೆಚ್ಚು ಮಾನವೀಯ ದಾರಿಯೊಂದನ್ನು 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ತೋರಿಸಿದರು. ರಂಪವನ್ನು ಅದುಮುವ ಬದಲು, ಅದೇ ಫಲ ಕೊಡುವ ಮಾತನ್ನು ಅವರು ಮಕ್ಕಳಿಗೆ ಕಲಿಸಿದರು. ಪಾಠ ಕಷ್ಟವಾಗಿ ರೇಗುವ ಮಗುವಿಗೆ ‘ನನಗೆ ಅರ್ಥವಾಗಲಿಲ್ಲ’ ಎನ್ನುವುದು, ಗಮನ ಬೇಕಿದ್ದ ಮಗುವಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಎಂದು ಕೇಳುವುದು. ರಂಪ ಗಣನೀಯವಾಗಿ ಇಳಿಯಿತು. ಪರೀಕ್ಷೆಗೆಂದು ಮಾತುಗಳನ್ನು ಅದಲುಬದಲು ಮಾಡಿಯೂ ನೋಡಿದರು: ನೆರವು ಬೇಕಿದ್ದ ಮಗುವಿಗೆ ಹೊಗಳಿಕೆ ಕೇಳುವ ಮಾತು ಕಲಿಸಿದಾಗ ಅದು ರಂಪವನ್ನು ಇಳಿಸಲಿಲ್ಲ.