ಅಂಗನವಾಡಿಯಲ್ಲಿ ಬರೀ ಆಟ ಆಡ್ತಾಳೆ, ಕಲಿಯೋದು ಯಾವಾಗ?

ಪ್ರಶ್ನೆ: ನಮ್ಮ ಮಗಳಿಗೆ ಮೂರೂವರೆ ವರ್ಷ. ಅಂಗನವಾಡಿಗೆ ಸೇರಿಸಿ ಎರಡು ತಿಂಗಳಾಯಿತು. ಇವತ್ತು ಏನು ಕಲಿತೆ ಪುಟ್ಟಿ ಅಂತ ಕೇಳಿದರೆ ದಿನಾ ಒಂದೇ ಉತ್ತರ, "ಆಟ ಆಡಿದೆ, ಅನ್ನ ಸಾರು ತಿಂದೆ". ಪಕ್ಕದ ಮನೆಯ ಹುಡುಗನಿಗೂ ಅಷ್ಟೇ ವಯಸ್ಸು, ಕಾನ್ವೆಂಟಿಗೆ ಹೋಗಿ ಎಬಿಸಿಡಿ ಪೂರ್ತಿ ಬರೆಯುತ್ತಾನೆ. ನಮ್ಮತ್ತೆ ಬೇರೆ ದಿನಾ ಅದನ್ನೇ ಎತ್ತಿ ಆಡುತ್ತಾರೆ. ಅಂಗನವಾಡಿಯಲ್ಲಿ ನಿಜವಾಗಲೂ ಏನಾದರೂ ಕಲಿಸುತ್ತಾರಾ, ಇಲ್ಲ ಸುಮ್ನೆ ಕೂರಿಸಿ ಊಟ ಹಾಕಿ ಕಳಿಸುತ್ತಾರಾ?

ಉತ್ತರ: ಮೊದಲು ಆ ಅನ್ನ ಸಾರಿನ ವಿಷಯಕ್ಕೇ ಬರೋಣ. ತನ್ನ ಕೈಯಾರೆ ತಿಂದಳಾ ಅಂತ ಕೇಳಿ ನೋಡಿ. ಮನೆಯಲ್ಲಿ ಹೇಗೂ ಮೊಬೈಲ್ ತೋರಿಸಿ ನಾವೇ ತುತ್ತು ತುರುಕುತ್ತೇವೆ. ಅಲ್ಲಿ ಚಾಪೆಯ ಮೇಲೆ ಕೂತು, ಪಕ್ಕದವನ ತಟ್ಟೆಗೆ ಕೈ ಹಾಕದೆ, ಬಿಸಿ ಇದ್ದರೆ ಊದಿಕೊಂಡು, ಸಾಲದಿದ್ದರೆ ಬಾಯಿಬಿಟ್ಟು ಕೇಳಿ ಇನ್ನೊಂದು ಸೌಟು ಹಾಕಿಸಿಕೊಂಡು ತಿಂದಿದ್ದರೆ, ಎರಡು ತಿಂಗಳಿಗೆ ಅದು ಕಡಿಮೆ ಕಲಿಕೆಯೇನಲ್ಲ.

ನಾನು ಟೀಚರ್ ಅಲ್ಲ. ಮಗ ಹೋಗುತ್ತಿದ್ದಾಗ ಎರಡು ವರ್ಷ ನಮ್ಮೂರ ಅಂಗನವಾಡಿಯ ಬಾಲ ವಿಕಾಸ ಸಮಿತಿಯಲ್ಲಿದ್ದೆ, ಅಷ್ಟೇ. ಸಮಿತಿ ಅಂದರೆ ಸಹಿ ಹಾಕಿ ಟೀ ಕುಡಿದು ಬರುವುದು ಅಂದುಕೊಂಡಿದ್ದೆ. ಆದರೆ ಸಭೆ ಯಾವತ್ತೂ ಹೊತ್ತಿಗೆ ಸರಿಯಾಗಿ ಶುರುವಾಗುತ್ತಿರಲಿಲ್ಲ, ಹಾಗಾಗಿ ಮೂಲೆಯಲ್ಲಿ ಕೂತು ಮಕ್ಕಳನ್ನು ನೋಡುವುದೇ ನನ್ನ ಕೆಲಸವಾಯಿತು.

ಮೊದಲ ಪಾಠ ಬಾಗಿಲ ಹತ್ತಿರವೇ. ಚಪ್ಪಲಿ ಬಿಟ್ಟು ಜೋಡಿ ಸೇರಿಸಿ ಗೋಡೆ ಬದಿ ಇಡಬೇಕು. ಇಪ್ಪತ್ತು ಜೊತೆ ಚಪ್ಪಲಿಯ ನಡುವೆ ತನ್ನದು ಯಾವುದು, ಇದಕ್ಕೆ ಜೋಡಿ ಯಾವುದು ಅಂತ ಹುಡುಕುವ ಮಗು ಮಾಡುತ್ತಿರುವುದು ಲೆಕ್ಕವೇ. ಮಧ್ಯಾಹ್ನ ಸಹಾಯಕಿ, ನಮ್ಮೂರಲ್ಲಿ ಎಲ್ಲರೂ ಅವರನ್ನು ಆಯಮ್ಮ ಅನ್ನುತ್ತಾರೆ, ಯಾವುದಾದರೂ ಒಂದು ಮಗುವಿನ ಕೈಗೆ ತಟ್ಟೆಗಳ ರಾಶಿ ಕೊಟ್ಟು "ಎಲ್ಲರ ಮುಂದೂ ಒಂದೊಂದು ಇಡು" ಅನ್ನುತ್ತಿದ್ದರು. ಒಂದು ಮಗುವಿಗೆ ಒಂದು ತಟ್ಟೆ. ಕೊನೆಗೆ ಎರಡು ತಟ್ಟೆ ಉಳಿಯಿತು, ಯಾಕೆ? ಇಬ್ಬರು ಬಂದಿಲ್ಲ. ಯಾರು ಬಂದಿಲ್ಲ? ಇದನ್ನು ನಾಲ್ಕು ವರ್ಷದ ಹುಡುಗಿಯೊಬ್ಬಳು ಜೋರಾಗಿ ಯೋಚನೆ ಮಾಡುತ್ತಾ ಹೇಳಿದ್ದನ್ನು ನಾನೇ ಕೇಳಿದ್ದೇನೆ. ನೂರರ ತನಕ ಬಾಯಿಪಾಠ ಒಪ್ಪಿಸುವ ಮಗುವಿಗೆ "ಏಳು ಕಡ್ಡಿ ಕೊಡು" ಅಂದು ನೋಡಿ, ಎಷ್ಟೋ ಸಲ ತಡವರಿಸುತ್ತದೆ.

ಆಟ ಅಂದಿರಲ್ಲ, ಕೆರೆ ದಡ ನೀವೂ ಆಡಿರುತ್ತೀರಿ. ಗೆರೆಯ ಈಚೆ ದಡ, ಆಚೆ ಕೆರೆ. ಟೀಚರ್ "ಕೆರೆ" ಅಂದರೆ ನೆಗೆಯಬೇಕು, "ದಡ" ಅಂದರೆ ವಾಪಸ್. ಎಲ್ಲರೂ ದಡದಲ್ಲಿ ನಿಂತಿರುವಾಗಲೇ ಇನ್ನೊಂದು ಸಲ "ದಡ" ಅಂದು ಮೋಸ ಮಾಡುತ್ತಾರೆ. ಕಾಲು ಆಗಲೇ ಮೇಲೆದ್ದಿರುತ್ತದೆ, ಕಿವಿ ಬೇಡ ಅನ್ನುತ್ತದೆ. ಆ ಅರ್ಧ ಕ್ಷಣದಲ್ಲಿ ತನ್ನ ಮೈಯನ್ನು ತಾನೇ ತಡೆದು ನಿಲ್ಲಿಸುವುದಿದೆಯಲ್ಲ, ಮುಂದೆ ಒಂದನೇ ಕ್ಲಾಸಿನಲ್ಲಿ ಕೂತು ಪಾಠ ಕೇಳಲು ಬೇಕಾಗುವುದು ಅದೇ. ಎಬಿಸಿಡಿ ಒಂದು ತಿಂಗಳಲ್ಲಿ ಬರುತ್ತದೆ, ಇದು ಬರಲು ವರ್ಷಗಳು ಬೇಕು.

ಇದೆಲ್ಲ ಟೀಚರ್ ಮನಸ್ಸಿಗೆ ಬಂದಂತೆ ಮಾಡುವುದಲ್ಲ. ನಮ್ಮ ರಾಜ್ಯದ ಅಂಗನವಾಡಿಗಳಿಗೆ "ಚಿಲಿಪಿಲಿ" ಅಂತ ಪಠ್ಯಕ್ರಮವೇ ಇದೆ. ಒಂದೊಂದು ವಿಷಯ ಹಿಡಿದು, ಅದರ ಸುತ್ತ ಕಥೆ, ಹಾಡು, ಆಟ, ಮಾತು ಕಟ್ಟುವುದು ಅದರ ಕ್ರಮ. ಕೇಂದ್ರ ಸರ್ಕಾರವೂ ಮೂರರಿಂದ ಆರು ವರ್ಷದವರಿಗೆ "ಆಧಾರಶಿಲಾ" ಅಂತ ಒಂದು ಪಠ್ಯಕ್ರಮ ತಂದಿದೆ. ಅದೂ ಆಟವನ್ನೇ ನೆಚ್ಚಿಕೊಂಡಿದೆ. ಮೂರೂವರೆ ವರ್ಷದ ಮಗುವಿನ ಬೆರಳು, ಮಣಿಕಟ್ಟು ಇನ್ನೂ ಬಲಿತಿರುವುದಿಲ್ಲ. ಮಣ್ಣು ಕಲಸಲಿ, ಕಾಳು ಬೇರೆ ಮಾಡಲಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಲಿ, ಪೆನ್ಸಿಲ್ ತಾನಾಗಿ ಬರುತ್ತದೆ. ಪಕ್ಕದ ಮನೆ ಹುಡುಗ ಬರೆಯುತ್ತಾನೆ, ಸಂತೋಷ. ಆದರೆ ಅವನಿಗೆ ಅದು ಖುಷಿಯೋ ಶಿಕ್ಷೆಯೋ ಅಂತ ಅವನ ಅಮ್ಮನನ್ನು ಒಂದು ಸಲ ಕೇಳಿ.

ಇಷ್ಟು ಹೇಳಿದರೂ ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಕಲಿಕೆಯಲ್ಲ. ಎರಡು ತಿಂಗಳಾಯಿತು ಅಂದಿರಿ, ಅಳುತ್ತಾಳೆ ಅನ್ನಲಿಲ್ಲ. ಅದು ದೊಡ್ಡದು.

ನನ್ನ ಮಗ ಹನ್ನೊಂದು ದಿನ ಅತ್ತ. ಸೀರೆ ಸೆರಗು ಹಿಡಿದು, ಬಾಗಿಲಿಗೆ ಜೋತುಬಿದ್ದು, ಊರಿಗೇ ಕೇಳುವ ಹಾಗೆ. ಹನ್ನೆರಡನೇ ದಿನ ಆಯಮ್ಮ ಅವನ ಕೈಗೆ ಒಂದು ಸಣ್ಣ ಚೊಂಬು ಕೊಟ್ಟು, "ಈ ಕರಿಬೇವಿನ ಗಿಡ ಇವತ್ತಿಂದ ನಿಂದು, ನೀನು ನೀರು ಹಾಕದಿದ್ರೆ ಒಣಗೋಗುತ್ತೆ ನೋಡಪ್ಪ" ಅಂದರು. ಅಷ್ಟೇ. ಮಾರನೇ ದಿನ ಗಿಡದ ಚಿಂತೆಯಲ್ಲಿ ನನಗಿಂತ ಮೊದಲೇ ಹೊರಟು ನಿಂತಿದ್ದ. ಆಯಮ್ಮನಿಗೆ ಇದನ್ನು ಯಾರೂ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ, ಅವರೇ ಹೇಳಿದ್ದು. ಇದು ನನ್ನ ಜಾಗ, ಇಲ್ಲಿ ನನಗೊಂದು ಕೆಲಸ ಇದೆ, ನಾನು ಬರದಿದ್ದರೆ ಯಾರೋ ಕೇಳುತ್ತಾರೆ. ಇಷ್ಟು ಗಟ್ಟಿಯಾಗುವ ತನಕ ಹೆದರಿದ ಮಗುವಿನ ತಲೆಗೆ ಬೇರೇನೂ ಇಳಿಯುವುದಿಲ್ಲ.

ಮನೆಮಾತು ಬೇರೆ ಇದ್ದರಂತೂ ಇದು ಇನ್ನೂ ಸೂಕ್ಷ್ಮ. ಲಂಬಾಣಿ ತಾಂಡಾದ ಮಗುವಿಗೆ ಅಮ್ಮ ಅಂದರೆ "ಯಾಡಿ". ಮಂಗಳೂರು ಕಡೆಯ ತುಳು ಮಗುವಿಗೆ ಅನ್ನ ಅಂದರೆ "ನುಪ್ಪು". ಉರ್ದು, ತೆಲುಗು, ಕೊಂಕಣಿ ಮಾತಾಡುವ ಮನೆಯಿಂದ ಬಂದವರೂ ಅದೇ ಚಾಪೆ ಮೇಲೆ ಕೂರುತ್ತಾರೆ. ಟೀಚರ್ ಕನ್ನಡದಲ್ಲಿ ಏನೋ ಹೇಳುತ್ತಾರೆ, ಮಗು ಪಿಳಿಪಿಳಿ ನೋಡುತ್ತದೆ, ನಾವು "ಮಂದ" ಅಂದುಬಿಡುತ್ತೇವೆ. ಆ ಮನೆಮಾತಿನ ಹತ್ತು ಪದ ಟೀಚರ್ ಕಲಿತರೂ ಸಾಕು, ಮಗುವಿನ ಮುಖ ಬದಲಾಗುತ್ತದೆ. ನೀರು, ಊಟ, ನೋವು, ಒಂದಕ್ಕೆ ಹೋಗಬೇಕು, ಬಾ ಇಲ್ಲಿ. ಕನ್ನಡ ಹಿಂದೆಯೇ ಬರುತ್ತದೆ.

ಇನ್ನೊಂದು ವಿಷಯ, ಹೇಳಲು ಸ್ವಲ್ಪ ಕಹಿ. ಅಡುಗೆ ಮಾಡುವವರು ಯಾರು, ಪಕ್ಕದಲ್ಲಿ ಕೂರುವವರು ಯಾರ ಮನೆಯವರು ಅಂತ ವಿಚಾರಿಸಿ ಮಗುವನ್ನು ಕಳಿಸದ ಮನೆಗಳು ಇವತ್ತಿಗೂ ಇವೆ. ಮಕ್ಕಳಿಗೆ ಮಾತ್ರ ಪಕ್ಕದವನ ತಟ್ಟೆಯಲ್ಲಿ ಮೊಟ್ಟೆ ದೊಡ್ಡದಿದೆಯಾ ಅನ್ನುವುದೊಂದೇ ಚಿಂತೆ. ಊರಿನ ಎಲ್ಲ ಕೇರಿಯ ಮಕ್ಕಳು ಒಂದೇ ಸಾಲಲ್ಲಿ ಕೂತು ಉಣ್ಣುವ ಜಾಗ ಎಷ್ಟೋ ಊರುಗಳಲ್ಲಿ ಇದೊಂದೇ. ಕಾನ್ವೆಂಟಿನ ವ್ಯಾನು ಹತ್ತಿದ ಮಕ್ಕಳಿಗೆ ಇದು ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಂಗನವಾಡಿ ಅನ್ನುವ ಹೆಸರಲ್ಲೇ ಅಂಗಳ ಇದೆ. ಮಹಾರಾಷ್ಟ್ರದ ಬೋರ್ಡಿ ಎಂಬಲ್ಲಿ 1945ರಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಅವರು ಅನುತಾಯಿ ವಾಘ್ ಜೊತೆ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ಶುರು ಮಾಡಿದರು. ಬಡ ಆದಿವಾಸಿ ಮನೆಗಳ ಮಕ್ಕಳು ಅಲ್ಲಿಗೆ ಬರುವುದು ಕಷ್ಟವಾಗಿತ್ತು. ಸರಿ, ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಲ್ಲಿಂದ ಬಂದ ಮಾತಿದು. ಈಗಿನ ಅಂಗನವಾಡಿಗಳನ್ನು ನಡೆಸುವ ಸರ್ಕಾರದ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಆಮೇಲೆ, 1975ರ ಅಕ್ಟೋಬರ್ 2ರಂದು ಶುರುವಾಯಿತು. ದೇಶದಲ್ಲಿ ಪ್ರಯೋಗಕ್ಕೆ ಆರಿಸಿದ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು.

2024ರಲ್ಲಿ ಬೆಂಗಳೂರಿನ ಒಂದಷ್ಟು ಅಂಗನವಾಡಿಗಳಿಗೆ "ಸರ್ಕಾರಿ ಮಾಂಟೆಸರಿ" ಅಂತ ಹೊಸ ಬೋರ್ಡು ಬಿತ್ತು. ಬೋರ್ಡು ನೋಡಿ ಜನ ಬರುವುದಾದರೆ ಬರಲಿ ಬಿಡಿ. ಆದರೆ ನನಗೆ ನಗು ಬಂದದ್ದು ಯಾಕೆಂದರೆ, 1907ರಲ್ಲಿ ರೋಮ್ ನಗರದಲ್ಲಿ ಈ ಪದ್ಧತಿ ಹುಟ್ಟುಹಾಕಿದ ಮಾರಿಯಾ ಮಾಂಟೆಸರಿ ತೆರೆದ ಮೊದಲ "ಮಕ್ಕಳ ಮನೆ"ಗೆ ಬಂದವರೂ ಬಡ ಕೂಲಿಕಾರರ ಮಕ್ಕಳೇ. ಕೈ ತೊಳೆಯುವುದು, ಗುಂಡಿ ಹಾಕುವುದು, ನೀರು ಚೆಲ್ಲದೆ ಸುರಿಯುವುದು, ಕಸ ಗುಡಿಸುವುದು ಅಲ್ಲಿ ಪಾಠವಾಗಿತ್ತು. ನಮ್ಮ ಆಯಮ್ಮನ ಚೊಂಬಿಗೂ ಅದಕ್ಕೂ ಏನು ದೂರ?

ಹಾಗಂತ ಎಲ್ಲ ಅಂಗನವಾಡಿಯೂ ಹೀಗೇ ಇದೆ ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆಯ ಒಂದು ಕೇಂದ್ರದಲ್ಲಿ ಆಟದ ಸಾಮಾನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು, ಮುರಿದರೆ ಲೆಕ್ಕ ಕೊಡಬೇಕಲ್ಲ ಅಂತ. ಮಕ್ಕಳು ಗೋಡೆಗೆ ಒರಗಿ ಊಟದ ಹೊತ್ತು ಕಾಯುತ್ತಿದ್ದವು. ಟೀಚರನ್ನು ಬೈಯುವುದು ಸುಲಭ. ಅವರಿಗೆ ಮಕ್ಕಳ ತೂಕ ನೋಡಬೇಕು, ಮೊಬೈಲ್ ಆ್ಯಪಿನಲ್ಲಿ ತುಂಬಬೇಕು, ಗರ್ಭಿಣಿ ಬಾಣಂತಿಯರ ಮನೆಗೆ ಹೋಗಬೇಕು, ಪೋಲಿಯೋ ಹನಿ, ವೋಟರ್ ಪಟ್ಟಿ, ಆ ಸರ್ವೆ ಈ ಸರ್ವೆ. ಇಷ್ಟಕ್ಕೆಲ್ಲ ಸಿಗುವುದಕ್ಕೆ ಸಂಬಳ ಅನ್ನುವ ಹೆಸರೂ ಇಲ್ಲ, ಗೌರವಧನ ಅನ್ನುತ್ತಾರೆ. ಕಾರಣ ಗೊತ್ತಿದ್ದರೂ ಬೀಗ ಬೀಗವೇ, ಅದನ್ನು ತೆಗೆಸಬೇಕಾದವರು ನಾವು.

ನಿಮ್ಮದು ಯಾವ ಥರದ್ದು ಅಂತ ತಿಳಿಯಲು ಒಂದು ದಿನ ಹನ್ನೊಂದು ಗಂಟೆಗೆ, ಹೇಳದೆ, ಹೋಗಿ ಅರ್ಧ ಗಂಟೆ ಕೂತು ಬನ್ನಿ. ಗೋಡೆಯ ಬಣ್ಣ ನೋಡಬೇಡಿ. ಟೀಚರ್ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ, ಆಟದ ಸಾಮಾನು ಮಕ್ಕಳ ಕೈಗೆ ಎಟುಕುವ ಹಾಗಿದೆಯಾ, ಬಿದ್ದ ಮಗು ಯಾರ ಹತ್ತಿರ ಓಡುತ್ತದೆ, ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದಾರಾ ಇಲ್ಲ ಬಾಯಿಮೇಲೆ ಬೆರಳಾ. ಪೂರ್ತಿ ನಿಶ್ಶಬ್ದವಾಗಿದ್ದರೆ ನನಗೆ ಅನುಮಾನ. ಮಗಳಿಗೂ "ಏನು ಕಲಿತೆ" ಅಂತ ಕೇಳಬೇಡಿ, ಆ ಪ್ರಶ್ನೆಗೆ ದೊಡ್ಡವರಿಗೇ ಉತ್ತರ ಬರುವುದಿಲ್ಲ. "ಇವತ್ತು ಯಾರ ಪಕ್ಕ ಕೂತಿದ್ದೆ?", "ಯಾರು ಅತ್ತರು?", "ಕೆರೆ ದಡದಲ್ಲಿ ಯಾರು ಔಟಾದ್ರು?" ಅಂತ ಕೇಳಿ, ಆಮೇಲೆ ನಿಲ್ಲಿಸುವುದೇ ಕಷ್ಟ.

ಎಬಿಸಿಡಿಗೆ ಅವಸರ ಬೇಡ. ಒಂದನೇ ಕ್ಲಾಸಿಗೆ ಆರು ವರ್ಷ ಅಂತ ಇಟ್ಟುಕೊಂಡರೂ ಇನ್ನೂ ಎರಡೂವರೆ ವರ್ಷ ಇದೆ. ನಿಮ್ಮತ್ತೆಯನ್ನೂ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಕಥೆ ಹೇಳಲು ಬಂದರೆ ಟೀಚರ್ ಬಿಡುವುದಿಲ್ಲ. ಹೋಗುವಾಗ ಮನೆಯಲ್ಲಿರುವ ಖಾಲಿ ಡಬ್ಬಿ, ಮುಚ್ಚಳ, ಹಳೇ ಬಟ್ಟೆ ತುಂಡು ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ಯಾವುದೂ ವೇಸ್ಟ್ ಆಗೋದಿಲ್ಲ.