ಹೆಲಿಕಾಪ್ಟರಿಗೆ ತುಕ್ಕು ಹಿಡಿಸಬೇಡಿ

ಯಾರಾದರೂ ತಾವು ಮಾಡಿದ ಹೆಲಿಕಾಪ್ಟರ್ ಮಾದರಿಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರೆ, ಮೊದಲು ಕಣ್ಣು ಹೋಗುವುದು ಮೇಲಿನ ಬ್ಲೇಡುಗಳ ಕಡೆಗೆ. ಆಮೇಲೆ ಮೈಮೇಲಿನ ಕಲೆಗಳ ಕಡೆಗೆ. ಬ್ಲೇಡು ನೆಟ್ಟಗೆ ಚಾಚಿಕೊಂಡಿದ್ದು, ಮೈತುಂಬ ಕಂದು ತುಕ್ಕು ಬಳಿದಿದ್ದರೆ ಮುಗಿಯಿತು. ಇವರು ಡಬ್ಬಿಯ ಮೇಲಿನ ಚಿತ್ರ ನೋಡಿ ಮಾಡಿದ್ದಾರೆ, ಹೆಲಿಕಾಪ್ಟರ್ ನೋಡಿಲ್ಲ ಅಂತ ಗೊತ್ತಾಗುತ್ತದೆ.

ಹುಬ್ಬಳ್ಳಿಯಲ್ಲಿ ಮಾದರಿ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಹೆಚ್ಚಿನ ಕೆಲಸ ಕಟ್ಟಡ, ಕಾರ್ಖಾನೆ, ಯಂತ್ರಗಳದ್ದು. ಆದರೆ ಧಾರವಾಡ, ಗದಗ, ಹಾವೇರಿ ಕಡೆಯಿಂದ ಸೈನ್ಯದಲ್ಲಿ, ವಾಯುಪಡೆಯಲ್ಲಿ ಇದ್ದು ನಿವೃತ್ತರಾದವರು, ಅವರ ಮಕ್ಕಳು ಬರುತ್ತಾರೆ. ತಾವು ಕೆಲಸ ಮಾಡಿದ ಹೆಲಿಕಾಪ್ಟರ್ ಬೇಕು ಅನ್ನುತ್ತಾರೆ. ಗ್ರೌಂಡ್ ಕ್ರೂದಲ್ಲಿ ಇದ್ದ ಹಿರಿಯರೊಬ್ಬರು, ಯಾರೋ ಉಡುಗೊರೆ ಕೊಟ್ಟ ಮಾದರಿಯೊಂದನ್ನು ರಿಪೇರಿಗೆ ತಂದಿದ್ದರು. ಅದರ ಮೈಮೇಲೆ ಎಣ್ಣೆ, ಮಸಿ, ತುಕ್ಕು ಎಲ್ಲಾ ಇತ್ತು. "ಏನ್ರೀ ಇದು, ನಮ್ಮ ಮಷಿನ್ ಇಷ್ಟು ಹೊಲಸು ಇಟ್ಟಿದ್ರ ನಮ್ಮನ್ನ ಸುಮ್ನ ಬಿಡ್ತಿದ್ರೇನ್ರೀ?" ಅಂದರು. ಈ ಕೆಲಸದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ.

ಮಾದರಿಗೆ ಬಳಕೆಯ ಕಳೆ ತರುವುದಕ್ಕೆ ನಮ್ಮವರು ವೆದರಿಂಗ್ ಅನ್ನುತ್ತಾರೆ. ಹೊಸಬರು ಅದನ್ನು ಕೊಳೆ ಬಳಿಯುವ ಕೆಲಸ ಅಂದುಕೊಳ್ಳುತ್ತಾರೆ. ನನ್ನ ಅಂಗಡಿಯಲ್ಲಿ ಒಂದೇ ನಿಯಮ: ಪ್ರತಿ ಕಲೆಗೂ ಕಾರಣ ಹೇಳಲು ಬರಬೇಕು. ಇಲ್ಲಿ ಯಾರ ಬೂಟು ತಾಗುತ್ತದೆ? ಎಣ್ಣೆ ಎಲ್ಲಿಂದ ಸೋರುತ್ತದೆ? ಗಾಳಿ ಅದನ್ನು ಯಾವ ಕಡೆ ಎಳೆಯುತ್ತದೆ? ಉತ್ತರ ಬರದಿದ್ದರೆ ಬ್ರಷ್ ಕೆಳಗಿಡಿ.

ಉದಾಹರಣೆಗೆ ರಷ್ಯಾದ ಮಿ-8 ಹೆಲಿಕಾಪ್ಟರ್ ತೆಗೆದುಕೊಳ್ಳೋಣ. ನಮ್ಮ ವಾಯುಪಡೆಯಲ್ಲಿ ಇದಕ್ಕೆ ಪ್ರತಾಪ್ ಅಂತ ಹೆಸರಿತ್ತು. 2017ರ ಡಿಸೆಂಬರಿನಲ್ಲಿ ಯಲಹಂಕದಲ್ಲಿ ಬೀಳ್ಕೊಟ್ಟರು. ರಷ್ಯಾದ ಜ್ವೆಜ್ದಾ ಕಂಪನಿಯ 1/72 ಅಳತೆಯ ಕಿಟ್, ಅಂದರೆ ಜೋಡಿಸುವ ಪ್ಲಾಸ್ಟಿಕ್ ಬಿಡಿಭಾಗಗಳ ಡಬ್ಬಿ, ಸಿಗುತ್ತದೆ. 1/72 ಅಂದರೆ ಅಸಲಿನ ಎಪ್ಪತ್ತೆರಡನೇ ಒಂದು ಪಾಲು. ಅಸಲಿ ರೋಟರಿನ, ಅಂದರೆ ಮೇಲೆ ತಿರುಗುವ ಬ್ಲೇಡುಗಳ ಚಕ್ರದ, ಅಗಲ 21 ಮೀಟರಿಗಿಂತ ಸ್ವಲ್ಪ ಜಾಸ್ತಿ, ಆದ್ದರಿಂದ ಮಾದರಿಯಲ್ಲಿ ಸುಮಾರು 30 ಸೆಂ.ಮೀ. ಬರುತ್ತದೆ. ಮಿ-8 ಮತ್ತು ಮಿ-17 ನೋಡಲು ಅಣ್ಣತಮ್ಮ. ಆದರೆ ಹಳೆಯ ಮಿ-8ರಲ್ಲಿ ಬಾಲದ ರೋಟರ್ ಬಲಗಡೆ, ಮಿ-17ರಲ್ಲಿ ಎಡಗಡೆ. ಅಂಟು ಹಾಕುವ ಮೊದಲೇ ಯಾವುದು ಮಾಡುತ್ತಿದ್ದೀರಿ ಅಂತ ನಿರ್ಧಾರ ಮಾಡಿಕೊಳ್ಳಿ. ವಾಯುಪಡೆಯ ದುಂಡು ಗುರುತಿನಲ್ಲಿ ಕೇಸರಿ ಹೊರಗೆ, ಬಿಳಿ ನಡುವೆ, ಹಸಿರು ಒಳಗೆ. ಖಾದಿ ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಮ್ಮ ಊರಲ್ಲೇ ಇದೆ. ಇಲ್ಲಿ ಕೂತು ಕೇಸರಿ ಹಸಿರು ಅದಲುಬದಲು ಮಾಡಿದರೆ ಮರ್ಯಾದೆ ಉಳಿಯುವುದಿಲ್ಲ.

ಜೋಡಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಿಟ್‌ನ ಹಾಳೆಯಲ್ಲಿ ಎಲ್ಲಾ ಇರುತ್ತದೆ. ಹಾಳೆಯಲ್ಲಿ ಇಲ್ಲದ್ದು ಮೂರ್ನಾಲ್ಕು ಮಾತು. ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ, ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಕಿಟಕಿಯ ಗಾಜುಗಳಿಗೆ ಫೆವಿಕ್ವಿಕ್ ಬೇಡ, ಅದರ ಆವಿಯಿಂದ ಪಾರದರ್ಶಕ ಪ್ಲಾಸ್ಟಿಕ್ಕು ಮಂಜಾಗುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ. ಬಾಲ ಉದ್ದ, ಮುಂದೆ ಚಕ್ರ. ಹಾಗಾಗಿ ಮೂಗಿನೊಳಗೆ ತೂಕ ಹಾಕದಿದ್ದರೆ ಮಾದರಿ ಹಿಂದಕ್ಕೆ ಕೂರುತ್ತದೆ. ಗಾಳದ ಸೀಸವನ್ನು ಬಿಳಿ ಅಂಟಿನ ಜೊತೆ ಹಾಕಬೇಡಿ. ಸೀಸ ನಿಧಾನಕ್ಕೆ ಬಿಳಿ ಪುಡಿಯಾಗಿ ಉಬ್ಬಿ, ವರ್ಷಗಳ ಮೇಲೆ ಮೈಯನ್ನೇ ಸೀಳಬಹುದು. ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಹಾಕಿ, ಅಗ್ಗವೂ ಹೌದು.

ಇನ್ನು ಬ್ಲೇಡು. ಉದ್ದನೆಯ ಬ್ಲೇಡು ನಿಂತಿರುವಾಗ ತನ್ನ ಭಾರಕ್ಕೇ ಬಾಗುತ್ತದೆ, ತಿರುಗುವಾಗ ಮಾತ್ರ ನೆಟ್ಟಗಾಗುತ್ತದೆ. ಕಿಟ್‌ನಲ್ಲಿ ನೆಟ್ಟಗೆ ಕೊಟ್ಟಿರುತ್ತಾರೆ. ಮೇಜಿನ ಮೇಲೆ ನಿಲ್ಲಿಸುವ ಮಾದರಿಗೆ ಬಾಗಿಸಲೇಬೇಕು. ಕುದಿಯುವ ಹಂತಕ್ಕೆ ಬಂದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬೆರಳಿನಿಂದ ಮೆಲ್ಲಗೆ ಬಾಗಿಸಿ, ತಣ್ಣೀರಲ್ಲಿ ಮುಳುಗಿಸಿ. ಬುಡದಲ್ಲಿ ಒಮ್ಮೆಲೇ ಮುರಿದ ಹಾಗೆ ಬಾಗಬಾರದು, ತುದಿಯ ಕಡೆಗೆ ಹೋದಂತೆ ಬಾಗು ಹೆಚ್ಚಾಗಬೇಕು. ಐದೂ ಬ್ಲೇಡು ಒಂದೇ ಸಮ ಬಾಗಬೇಕು. ಒಂದು ಗಟ್ಟಿ ರಟ್ಟಿನ ಮೇಲೆ ವಕ್ರರೇಖೆ ಎಳೆದಿಟ್ಟುಕೊಂಡರೆ ಅಳತೆ ತಪ್ಪುವುದಿಲ್ಲ. ಎಲ್ಲಾ ಹೆಲಿಕಾಪ್ಟರಿಗೂ ಇಷ್ಟೇ ಬಾಗು ಕೊಡಬೇಡಿ. ಬೆಂಗಳೂರಿನ ಎಚ್‌ಎಎಲ್ ಮಾಡಿದ ಧ್ರುವ್‌ನಲ್ಲಿ ಬ್ಲೇಡಿನ ಬುಡಕ್ಕೆ ಹಿಂಜ್ (ಕೀಲು) ಇಲ್ಲ, ಬಾಗು ಕಡಿಮೆ.

ಬಣ್ಣದ ವಿಷಯದಲ್ಲಿ ನಮ್ಮ ಹವೆಯ ಜೊತೆ ಹೊಂದಾಣಿಕೆ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಒಣ ಗಾಳಿಗೆ ಅಕ್ರಿಲಿಕ್ ಬಣ್ಣ ಏರ್‌ಬ್ರಷ್ ತುದಿಯಲ್ಲೇ ಒಣಗುತ್ತದೆ. ಮಾದರಿಯ ಮೇಲೆ ಬೀಳುವ ಹೊತ್ತಿಗೆ ಅರ್ಧ ಪುಡಿ. ಮೈ ಒರಟಾಗುತ್ತದೆ. ಬೆಳಗ್ಗೆ ಬೇಗ ಕೆಲಸ ಮುಗಿಸಿ, ಇಲ್ಲವೇ ಬಣ್ಣಕ್ಕೆ ಕೆಲವು ಹನಿ ರಿಟಾರ್ಡರ್, ಅಂದರೆ ಒಣಗುವುದನ್ನು ತಡಮಾಡುವ ದ್ರವ, ಸೇರಿಸಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ತೊಂದರೆ ಉಲ್ಟಾ. ಲ್ಯಾಕರ್ ವಾರ್ನಿಶ್ ಗಾಳಿಯ ತೇವ ಹಿಡಿದು ಬೆಳ್ಳಗೆ ಮಂಕಾಗುತ್ತದೆ. ಧಾರವಾಡದವರಿಗೆ ಇದು ಇನ್ನೂ ಜಾಸ್ತಿ. ಅಂಥ ದಿನ ಕೈ ಕಟ್ಟಿ ಕೂರುವುದೇ ಜಾಣತನ. ಗಾಡಿ ಪೇಂಟ್ ಮಾಡುವವರ ಹತ್ತಿರ ಸಿಗುವ ಎನ್‌ಸಿ ಥಿನ್ನರನ್ನು ಬರಿ ಪ್ಲಾಸ್ಟಿಕ್ಕಿಗೆ ಸವರಬೇಡಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಆದರೆ ಅವರ ಹತ್ತಿರವೇ ಸಿಗುವ 1000, 2000 ನಂಬರಿನ ವಾಟರ್ ಪೇಪರ್ ಬಂಗಾರದಂಥ ವಸ್ತು.

ಮೂಲ ಬಣ್ಣ ಒಣಗಿದ ಮೇಲೆ ಹೊಳಪಿನ ವಾರ್ನಿಶ್. ಅದರ ಮೇಲೆ ಡೆಕಲ್, ಅಂದರೆ ಗುರುತು, ನಂಬರುಗಳ ಅಂಟುಚಿತ್ರ. ಹೊಳಪಿಲ್ಲದ ಮ್ಯಾಟ್ ಮೈಮೇಲೆ ಡೆಕಲ್ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿಬಿದ್ದು ಬೆಳ್ಳಿಯಂತೆ ಮಿಂಚುತ್ತದೆ. ಆಮೇಲೆ ಅದನ್ನು ಸರಿ ಮಾಡುವುದು ರಗಳೆ.

ಈಗ ತುಕ್ಕಿನ ಮಾತು. ಪಿ.ಬಿ. ರಸ್ತೆಯ ಲಾರಿಗಳನ್ನು ನೋಡಿ ಬೆಳೆದ ಕಣ್ಣು ನಮ್ಮದು. ಹಳೆಯದು ಅಂದರೆ ತುಕ್ಕು ಅಂತಲೇ ತಲೆಯಲ್ಲಿ ಕೂತಿದೆ. ಆದರೆ ಲಾರಿಯ ಮೈ ಕಬ್ಬಿಣದ ತಗಡು, ಮಿ-8ರ ಮೈ ಅಲ್ಯೂಮಿನಿಯಂ ಮಿಶ್ರಲೋಹದ ತಗಡು. ಅಲ್ಯೂಮಿನಿಯಂ ಕೆಡುವುದಿಲ್ಲ ಅಂತಲ್ಲ. ಕೆಟ್ಟರೆ ಬಿಳಿ ಪುಡಿಯಾಗುತ್ತದೆ, ಕೆಂಪಗಾಗುವುದಿಲ್ಲ. ಬಣ್ಣ ಎದ್ದ ಜಾಗದಲ್ಲಿ ಮೊದಲು ಕಾಣುವುದು ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಲೇಪ. ಇನ್ನೂ ಸವೆದರೆ ಮಂಕು ಬೆಳ್ಳಿ. ಧ್ರುವ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಅದರ ಹೊರಮೈಯ ಬಹುಪಾಲು ಕಾಂಪೋಸಿಟ್, ಅಂದರೆ ನಾರು ಮತ್ತು ರಾಳ ಸೇರಿಸಿ ಮಾಡಿದ್ದು. ಅಲ್ಲಿ ಬೆಳ್ಳಿ ಚುಕ್ಕಿಯೂ ತಪ್ಪು. ಕಂದು ಬಣ್ಣ ಬರುವುದು ಎಂಜಿನ್ನಿನ ಹೊಗೆ ಕೊಳವೆಗೆ ಮಾತ್ರ. ಅದು ಬಿಸಿಗೆ ಸುಟ್ಟ ಉಕ್ಕು.

ಅಳತೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಾಳಾಗುವುದು ಇಲ್ಲೇ. 1/72 ಮಾದರಿಯ ಮೇಲೆ ನೀವು ಇಟ್ಟ ಒಂದು ಮಿ.ಮೀ. ಚುಕ್ಕಿ ಅಸಲಿನಲ್ಲಿ 7 ಸೆಂ.ಮೀ. ದಾಟುತ್ತದೆ. ಅಂಗೈ ಅಗಲ ಬಣ್ಣ ಎದ್ದ ಹೆಲಿಕಾಪ್ಟರನ್ನು ಯಾವ ಎಂಜಿನಿಯರೂ ಸುಮ್ನೆ ಹಾರಲು ಬಿಡುವುದಿಲ್ಲ, ಅಲ್ವಾ? ಸ್ಪಂಜಿನ ಚೂರನ್ನು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಬಹುತೇಕ ಒಣಗಿಸಿ, ಆಮೇಲೆ ಅಂಚುಗಳಿಗೆ ಮುಟ್ಟಿಸಿ. ಒಂದು ಕೈಯಳತೆ ದೂರದಿಂದ ಚುಕ್ಕಿ ಎಣಿಸಲು ಬಂದರೆ ಅದು ಜಾಸ್ತಿ ಆಯಿತು ಅಂತಲೇ ಅರ್ಥ.

ಎಲ್ಲಿ ಸವೆಯುತ್ತದೆ? ಮನುಷ್ಯರು ಓಡಾಡುವಲ್ಲಿ. ಮಿ-8ರ ಎಡಗಡೆಯ ಜಾರು ಬಾಗಿಲಿನ ಹೊಸ್ತಿಲು ಮೊದಲನೆಯದು. ಎರಡನೆಯದು ಮೇಲೆ ಇದೆ. ಎಂಜಿನ್ನಿನ ಮುಚ್ಚಳಗಳು ಪಕ್ಕಕ್ಕೆ ಮಡಚಿ ಬಿಚ್ಚಿಕೊಂಡು, ಮೆಕ್ಯಾನಿಕ್ ನಿಲ್ಲಲು ಹಲಗೆಯಾಗುತ್ತವೆ. ಆದ್ದರಿಂದ ಬೂಟಿನ ಉಜ್ಜು ಮುಚ್ಚಳದ ಒಳಮೈಗೆ ಬೀಳುತ್ತದೆ, ಹೊರಮೈಗೆ ಅಲ್ಲ. ಮುಚ್ಚಳ ತೆರೆದ ಮಾದರಿ ಮಾಡುವವರು ಇದನ್ನು ಮರೆಯುತ್ತಾರೆ.

ಮೂರನೆಯದು ಬ್ಲೇಡಿನ ಮುಂದಿನ ಅಂಚು. ಮಿ-8ರ ರೋಟರ್ ನಿಮಿಷಕ್ಕೆ 192 ಸುತ್ತು ಹೊಡೆಯುತ್ತದೆ. ಲೆಕ್ಕ ಹಾಕಿದರೆ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 770 ಕಿ.ಮೀ. ಆಗುತ್ತದೆ. ಆ ವೇಗದಲ್ಲಿ ಮರಳು ಬಡಿದರೆ ಬಣ್ಣ ಉಳಿಯುತ್ತದೆಯೇ? ಬುಡದಲ್ಲಿ ವೇಗ ಕಡಿಮೆ, ಸವೆತವೂ ಕಡಿಮೆ. ಹಾಗಾಗಿ ಹೊರಗಿನ ಮೂರನೇ ಒಂದು ಪಾಲಿಗೆ ಮಾತ್ರ ಅಂಚು ಸವೆಸಿ. ಮುಂದಿನ ಅಂಚು ಯಾವುದು ಅಂತಲೂ ನೋಡಿಕೊಳ್ಳಿ. ಮೇಲಿಂದ ನೋಡಿದರೆ ಮಿ-8, ಚೇತಕ್ ಎರಡೂ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಅಮೆರಿಕದ ಅಪಾಚೆ ಅದರ ವಿರುದ್ಧ. ದಿಕ್ಕು ತಪ್ಪಿದರೆ ಸವೆತವೆಲ್ಲ ಹಿಂದಿನ ಅಂಚಿಗೆ ಬೀಳುತ್ತದೆ.

ಎಣ್ಣೆ ಮತ್ತು ಮಸಿಗೆ ನನ್ನ ಇಷ್ಟದ ಸಾಮಾನು ಕಲಾವಿದರ ಆಯಿಲ್ ಬಣ್ಣ. ಕ್ಯಾಮ್ಲಿನ್‌ನ ಬರ್ನ್ಟ್ ಅಂಬರ್ ಮತ್ತು ಕಪ್ಪು ಇದ್ದರೆ ಸಾಕು. ರಟ್ಟಿನ ಚೂರಿನ ಮೇಲೆ ಸ್ವಲ್ಪ ಹೊತ್ತು ಹಿಂಡಿ ಇಡಿ. ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಬಣ್ಣ ಬೇಗ ಒಣಗುತ್ತದೆ, ಹೊಳೆಯುವುದಿಲ್ಲ. ಅಕ್ರಿಲಿಕ್ ಮೈಮೇಲೆ ಇದನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಹಚ್ಚಿದರೆ ಕೆಳಗಿನ ಬಣ್ಣ ಕರಗುವುದಿಲ್ಲ. ಬೇಡ ಅನಿಸಿದರೆ ಒರೆಸಿಬಿಡಬಹುದು. ಟರ್ಪೆಂಟೈನ್ ಮಾತ್ರ ಮಡುಗಟ್ಟಬಾರದು, ಸಂದಿಗಳಲ್ಲಿ ನಿಂತರೆ ಪ್ಲಾಸ್ಟಿಕ್ ಬಿರಿಯುತ್ತದೆ. ತಗಡಿನ ಸಂದಿಗಳಿಗೆ ಅಪ್ಪಟ ಕಪ್ಪು ಬೇಡ. ಬೂದು ಮೈಗೆ ಗಾಢ ಬೂದು, ಹಸಿರು ಮೈಗೆ ಗಾಢ ಕಂದು.

ಕಲೆ ಹರಿಯುವ ದಿಕ್ಕಿನಲ್ಲಿ ಹೆಲಿಕಾಪ್ಟರಿಗೂ ವಿಮಾನಕ್ಕೂ ವ್ಯತ್ಯಾಸ ಇದೆ. ವಿಮಾನದಲ್ಲಿ ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ, ಕಲೆಯೂ ಅಡ್ಡಕ್ಕೆ ಎಳೆಯುತ್ತದೆ. ಹೆಲಿಕಾಪ್ಟರಿನಲ್ಲಿ ಮೇಲಿನಿಂದ ರೋಟರ್ ಒತ್ತುವ ಗಾಳಿಯೂ ಸೇರಿ ಕಲೆ ಓರೆಯಾಗಿ ಹಿಂದಕ್ಕೂ ಕೆಳಕ್ಕೂ ಇಳಿಯುತ್ತದೆ. ನಿಂತಾಗ ಸೋರಿದ್ದು ನೇರ ಕೆಳಗೆ ಬರುತ್ತದೆ. ರೋಟರ್ ಬುಡದ ಗೇರ್‌ಬಾಕ್ಸ್ ಕೆಳಗೆ ಎರಡೂ ಬಗೆಯ ಗೆರೆ ಇರಲಿ, ಒಂದರ ಮೇಲೊಂದು. ಬ್ರಷ್ಷಿನಲ್ಲಿ ಒಂದು ಸಣ್ಣ ಚುಕ್ಕಿ ಇಟ್ಟು, ಶುದ್ಧ ಟರ್ಪೆಂಟೈನ್ ತಾಗಿಸಿದ ಇನ್ನೊಂದು ಬ್ರಷ್ಷಿನಿಂದ ಎಳೆದರೆ ಸಾಕು.

ಎಂಜಿನ್ನಿನ ಹೊಗೆ ಕೊಳವೆ ಎರಡೂ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಮಸಿ ಅಲ್ಲಿಂದ ಹಿಂದಕ್ಕೆ, ಬಾಲದ ಕಡೆಗೆ ಹರಡುತ್ತದೆ. ಅದು ಕಪ್ಪು ಅಲ್ಲ, ಕಂದು ಬೆರೆತ ಬೂದು. ಕೊಳವೆಯ ಹತ್ತಿರ ದಟ್ಟ, ದೂರ ಹೋದಂತೆ ತೆಳು. ಚಾಕ್ ಪೇಸ್ಟಲ್ ಕಡ್ಡಿಯನ್ನು ವಾಟರ್ ಪೇಪರಿಗೆ ಉಜ್ಜಿ ಪುಡಿ ಮಾಡಿ, ಮೃದು ಬ್ರಷ್ಷಿನಿಂದ ಸವರಿ. ಎಡ ಬಲ ಎರಡೂ ಒಂದೇ ಸಮ ಮಾಡಿದರೆ ಕೃತಕ ಅನಿಸುತ್ತದೆ.

ಧೂಳಿನ ವಿಷಯಕ್ಕೆ ಬಂದರೆ ನಾವು ಪುಣ್ಯವಂತರು. ದುಬಾರಿ ಪಿಗ್ಮೆಂಟ್ ಡಬ್ಬಿ ತರಿಸುವ ಮೊದಲು ಹೊಲಕ್ಕೆ ಹೋಗಿ. ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆ ಎರಿ ಮಣ್ಣು. ಧಾರವಾಡದಿಂದ ಪಡುವಣಕ್ಕೆ ಹೋದಂತೆ ಮಸಾರಿ, ಕೆಂಪು ಮಣ್ಣು. ಅಂಗಡಿಯಲ್ಲಿ ಸಿಗುವ ಜಾಜು ಕೂಡ ಒಳ್ಳೆಯ ಕೆಂಪು. ಆದರೆ ಮಣ್ಣನ್ನು ನೇರ ಉದುರಿಸಬೇಡಿ. ಕಾಲು ಮಿ.ಮೀ. ಕಣ ಈ ಅಳತೆಯಲ್ಲಿ 18 ಮಿ.ಮೀ. ಕಲ್ಲಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಸಾಲದು. ಮಣ್ಣನ್ನು ಬಾಟಲಿಯ ನೀರಲ್ಲಿ ಚೆನ್ನಾಗಿ ಅಲ್ಲಾಡಿಸಿ, ಕೆಲವು ನಿಮಿಷ ಬಿಡಿ. ದಪ್ಪ ಕಣ ತಳಕ್ಕೆ ಇಳಿಯುತ್ತದೆ. ಮೇಲಿನ ಕದಡಿದ ನೀರನ್ನು ಮಾತ್ರ ತಟ್ಟೆಗೆ ಸುರಿದು ಬಿಸಿಲಿಗೆ ಇಡಿ. ಒಣಗಿ ಉಳಿದ ಪದರವನ್ನು ಪುಡಿ ಮಾಡಿದರೆ ಅದೇ ನಿಮ್ಮ ಧೂಳು. ಎರಿ ಮಣ್ಣಿನಲ್ಲಿ ಜೇಡಿ ಜಾಸ್ತಿ, ಕಣ ಅತಿ ಸಣ್ಣ, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಒಣಗಿದ ಎರಿ ಮಣ್ಣು ಕಪ್ಪಲ್ಲ ಅನ್ನುವುದು ರೈತರ ಮಕ್ಕಳಿಗೆ ಹೇಳಬೇಕಿಲ್ಲ. ಹಸಿ ಇದ್ದಾಗ ಕಪ್ಪು, ಒಣಗಿದರೆ ಬೂದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಮುಳುಗಿದ್ದು ನೆನಪಿರಬೇಕು. ಅಂಥ ನೆರೆಯ ಕೆಲಸಕ್ಕೆ ಇಳಿದ ಹೆಲಿಕಾಪ್ಟರಿನ ದೃಶ್ಯ ಮಾಡುವುದಾದರೆ ಚಕ್ರಕ್ಕೆ ಕಪ್ಪು ರಾಡಿ, ಅದರ ಮೇಲಂಚಿಗೆ ಒಣಗಿದ ಬೂದು, ಹೊಸ್ತಿಲಲ್ಲಿ ಹೆಜ್ಜೆಯ ಕೆಸರು. ಮೇಲ್ಮೈ ಮಳೆಗೆ ತೊಳೆದು ಸ್ವಚ್ಛ. ಅದೇ ಹೆಲಿಕಾಪ್ಟರ್ ಜೋಧಪುರದಲ್ಲಿ ಇದ್ದರೆ ತೆಳು ಮರಳಿನ ಬಣ್ಣ, ಅದೂ ಮೇಲಿನ ಸಮತಟ್ಟು ಜಾಗಗಳಲ್ಲಿ, ಯಾಕೆಂದರೆ ಇಳಿಯುವಾಗ ಎದ್ದ ಧೂಳು ಸುತ್ತಿ ಮತ್ತೆ ಮೇಲಿಂದ ಬೀಳುತ್ತದೆ. ಸಿಯಾಚಿನ್‌ನ ಚೀತಾಗೆ ಧೂಳೇ ಬೇಡ. ಕಾರವಾರದ ಕಡಲ ಮೇಲಿನ ನೌಕಾಪಡೆಯ ಚೇತಕ್‌ಗೆ ಉಪ್ಪು ಮತ್ತು ತೊಳೆದ ಗುರುತು.

ಮ್ಯಾಟ್ ವಾರ್ನಿಶ್ ಹೊಡೆದ ಮೇಲೆಯೇ ಧೂಳು ಹಾಕಿ. ಒರಟು ಮೈಗೆ ಅದು ತಾನಾಗೇ ಹಿಡಿಯುತ್ತದೆ. ಚಕ್ರದ ರಾಡಿಗೆ ಮಾತ್ರ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟರೆ ನಿಲ್ಲುತ್ತದೆ. ಧೂಳಿನ ಮೇಲೆ ಮತ್ತೆ ವಾರ್ನಿಶ್ ಹೊಡೆದರೆ ಅರ್ಧ ಮಾಯವಾಗುತ್ತದೆ, ಉಳಿದದ್ದರ ಬಣ್ಣ ಗಾಢವಾಗುತ್ತದೆ.

ರೋಟರನ್ನು ಅಂಟಿಸಬೇಡಿ, ದಂಡದಲ್ಲಿ ಸುಮ್ನೆ ಕೂರಿಸಿ. ಬೆಂಗಳೂರಿಗೆ ಬಸ್ಸಿನಲ್ಲಿ ಒಯ್ಯುವಾಗ ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಾಕಬಹುದು. ಮನೆಯಲ್ಲಿ ಇಡಲು ಅಕ್ರಿಲಿಕ್ ಪೆಟ್ಟಿಗೆ ಮಾಡಿಸುವುದಾದರೆ ಅಳತೆಯನ್ನು ಮೈಯಿಂದ ತೆಗೆಯಬೇಡಿ, ರೋಟರಿನ ಅಗಲದಿಂದ ತೆಗೆಯಿರಿ. 1/72 ಮಿ-8ಕ್ಕೆ ಒಳಗಿನ ಅಗಲ 34 ಸೆಂ.ಮೀ. ಬೇಕು, ಬಾಲ ರೋಟರಿನಿಂದ ಆಚೆ ಚಾಚುವುದರಿಂದ ಉದ್ದ ಅದಕ್ಕಿಂತ ಜಾಸ್ತಿ ಬೇಕು. ಮೊದಲು ಬಾಲವನ್ನೂ ಸೇರಿಸಿ ಒಮ್ಮೆ ಕಾಗದದ ಮೇಲೆ ಇಟ್ಟು ಗೆರೆ ಹಾಕಿ ನೋಡಿ, ಆಮೇಲೆ ಅಂಗಡಿಯವನಿಗೆ ಅಳತೆ ಕೊಡಿ.