ಬಸುರಿ ಅಂತ ಗೊತ್ತಾದ ಕೂಡಲೇ ಥೈರಾಯ್ಡ್ ಮಾತ್ರೆ ಬಿಡಬೇಡಿ

ಥೈರಾಯ್ಡ್ ಕಡಿಮೆ ಇದೆ ಅಂತ ವರ್ಷಗಟ್ಟಲೆ ತಪ್ಪದೆ ಮಾತ್ರೆ ತಿಂದವರು ಬಸುರಿ ಅಂತ ಗೊತ್ತಾದ ಮರುದಿನವೇ ಅದನ್ನು ಬಿಟ್ಟುಬಿಡುತ್ತಾರೆ. ಮಂಜೇಶ್ವರದವರು, ಮುಳ್ಳೇರಿಯದವರು, ಓದಿದವರು, ಓದದವರು, ಎಲ್ಲರದ್ದೂ ಇದೇ ಕಥೆ. "ಇಂಗ್ಲಿಷ್ ಮದ್ದು ಉಷ್ಣ, ಮೂರು ತಿಂಗಳು ಕಳೆಯಲಿ" ಅಂತ ಮನೆಯಲ್ಲಿ ಯಾರೋ ಹಿರಿಯರು ಹೇಳಿರುತ್ತಾರೆ. ಪ್ರೀತಿಯಿಂದಲೇ ಹೇಳಿರುತ್ತಾರೆ, ಅದು ನನಗೆ ಗೊತ್ತು. ಆದರೆ ಆ ಮಾತ್ರೆ ತಪ್ಪಲೇಬಾರದ ಮೂರು ತಿಂಗಳು ಅದು.

ಮೊನ್ನೆ ಬದಿಯಡ್ಕ ಕಡೆಯ ಹುಡುಗಿಯೊಬ್ಬಳು ಅತ್ತೆಯ ಜೊತೆ ಬಂದಿದ್ದಳು. 14 ವಾರ. ಚೀಲದಿಂದ ನೂರು ಮಾತ್ರೆಯ ಡಬ್ಬಿ ತೆಗೆದಿಟ್ಟಳು, ಒಳಗಿನ ಹತ್ತಿ ಇನ್ನೂ ಹಾಗೇ ಇತ್ತು. "ಈಗಲೇ ಮೆದುಳು ಎಲ್ಲಿ ಬಂದಿರ್ತದೆ ಡಾಕ್ಟ್ರೇ, ಅದೆಲ್ಲ ಏಳು ತುಂಬಿದ ಮೇಲೆ ಅಲ್ವಾ? ಆಗ ಬಾದಾಮಿ, ಕೇಸರಿ ಹಾಲು ಕೊಡ್ತೇನೆ" ಅಂದರು ಅತ್ತೆ.

ಇಲ್ಲ ಅಮ್ಮಾ. ಮೆದುಳು, ಬೆನ್ನುಹುರಿ ಆಗುವ ನಳಿಕೆ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನ ಆಗಿನ್ನೂ ಪರೀಕ್ಷೆಯನ್ನೇ ಮಾಡಿರುವುದಿಲ್ಲ. ಆ ನಳಿಕೆಯ ಒಳಗೋಡೆಯಲ್ಲಿ ಕೋಶಗಳು ಒಡೆದು ಒಡೆದು ಹೆಚ್ಚುತ್ತವೆ. ಹುಟ್ಟಿದ ನರಕೋಶ ಅಲ್ಲೇ ಕೂರುವುದಿಲ್ಲ, ಹೊರಪದರದ ಕಡೆಗೆ ಹೊರಡುತ್ತದೆ. ಒಳಗೋಡೆಯಿಂದ ಹೊರಮೈವರೆಗೆ ಚಾಚಿದ ಉದ್ದ ಎಳೆಗಳ ಕೋಶಗಳಿವೆ. ಅಡಿಕೆ ಕೊಯ್ಯುವವರು ಮರ ಹಿಡಿದು ಮೇಲೇರುವ ಹಾಗೆ ನರಕೋಶಗಳು ಆ ಎಳೆ ಹಿಡಿದು ಏರುತ್ತವೆ. ಇದನ್ನು 1972ರಲ್ಲಿ ಪಾಸ್ಕೋ ರಾಕಿಚ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಮೊದಲು ಹೊರಟವು ಕೆಳಗಿನ ಪದರದಲ್ಲಿ ನಿಲ್ಲುತ್ತವೆ, ಆಮೇಲೆ ಬಂದವು ಅವನ್ನು ದಾಟಿ ಇನ್ನೂ ಮೇಲೆ ಹೋಗುತ್ತವೆ. ಹೀಗೆ ಆರು ಪದರ. ಎಲ್ಲವೂ ನೇರ ಏರುವುದಿಲ್ಲ, ಕೆಲವು ಮೆದುಳಿನ ಆಳದ ಬೇರೆ ಜಾಗದಲ್ಲಿ ಹುಟ್ಟಿ ಅಡ್ಡಡ್ಡ ಸಾಗಿ ಬರುತ್ತವೆ.

ಈ ಓಡಾಟ ಜೋರಾಗಿರುವುದು ಹೆಚ್ಚುಕಡಿಮೆ ಮೂರರಿಂದ ಐದನೇ ತಿಂಗಳಲ್ಲಿ. ಏಳು ತುಂಬುವ ಹೊತ್ತಿಗೆ ಹೊರಪದರದ ಬಹುಪಾಲು ನರಕೋಶಗಳು ಹುಟ್ಟಿ, ಜಾಗ ಸೇರಿ ಆಗಿರುತ್ತದೆ. ಆಮೇಲೆ ಬೆಳೆಯುವುದು ಮುಖ್ಯವಾಗಿ ಅವುಗಳ ನಡುವಿನ ಸಂಪರ್ಕ, ಮೆದುಳಿನ ಮೇಲ್ಮೈಯ ಮಡಿಕೆ. ಬಾದಾಮಿ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಮಾತ್ರೆಯ ಜಾಗ ಅದು ತುಂಬುವುದಿಲ್ಲ.

ಮಾತ್ರೆ ಯಾಕೆ ಬೇಕು ಅಂದರೆ, ಕೋಶಗಳು ಸರಿಯಾದ ಜಾಗ ಸೇರಲು ಥೈರಾಯ್ಡ್ ಹಾರ್ಮೋನ್ ಬೇಕು. ಮಗುವಿನ ಸ್ವಂತ ಥೈರಾಯ್ಡ್ 12ನೇ ವಾರದ ಆಸುಪಾಸಿನಲ್ಲಿ ಶುರುವಾದರೂ, ಸಾಕಷ್ಟು ಹಾರ್ಮೋನ್ ಮಾಡಲು ಐದನೇ ತಿಂಗಳು ಆಗುತ್ತದೆ. ಅಲ್ಲಿಯವರೆಗೆ ತಾಯಿಯದ್ದೇ ಗತಿ. ತಾಯಿ ಇಲಿಯಲ್ಲಿ ಈ ಹಾರ್ಮೋನ್ ಕಡಿಮೆ ಮಾಡಿ ನೋಡಿದಾಗ ಮರಿಗಳ ಮೆದುಳಿನಲ್ಲಿ ಕೋಶಗಳು ತಪ್ಪು ಜಾಗದಲ್ಲಿ ನಿಂತದ್ದು ಕಂಡಿದೆ. ಮನುಷ್ಯರ ವಿಷಯದಲ್ಲಿ ಅಷ್ಟು ಖಡಾಖಂಡಿತವಾಗಿ ಹೇಳುವ ಹಾಗಿಲ್ಲ. ತುಸುವೇ ಕೊರತೆ ಇದ್ದವರಿಗೆ 13 ವಾರದ ಹೊತ್ತಿಗೆ ಮಾತ್ರೆ ಶುರು ಮಾಡಿದ, 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೂರು ವರ್ಷದ ಮಕ್ಕಳ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕೆಲವು ವಾರ ಮಾತ್ರೆ ಬಿಟ್ಟವರು ಮಗುವಿಗೆ ಏನೋ ಆಗಿಯೇ ಹೋಯಿತು ಅಂತ ಅಳುವುದು ಬೇಡ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಮತ್ತೆ ಶುರು ಮಾಡಿ. ಆ ಹುಡುಗಿಗೂ ಇದನ್ನೇ ಹೇಳಿದೆ.

ಈ ಮಾತ್ರೆಯಲ್ಲಿರುವುದು ನಮ್ಮ ದೇಹವೇ ಮಾಡುವ ಹಾರ್ಮೋನ್, ಮಗುವಿಗೆ ಹೊರಗಿನ ವಸ್ತು ಅಲ್ಲ. ಬಸುರಿಯಾದ ಮೇಲೆ ಸಾಮಾನ್ಯವಾಗಿ ಡೋಸ್ ಜಾಸ್ತಿಯೇ ಮಾಡಬೇಕಾಗುತ್ತದೆ, ಅದಕ್ಕೇ ಐದು ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ರಕ್ತಪರೀಕ್ಷೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದರ ಜೊತೆ ಬೇಡ, ನಾಲ್ಕು ಗಂಟೆ ಅಂತರ ಇರಲಿ. ಥೈರಾಯ್ಡ್ ಜಾಸ್ತಿ ಇದ್ದವರ ಮಾತ್ರೆ ಬೇರೆ, ಅದರ ಲೆಕ್ಕವೂ ಬೇರೆ. ಅವರು ಮುಟ್ಟು ತಪ್ಪಿದ ವಾರವೇ ಡಾಕ್ಟರನ್ನು ಕಾಣಬೇಕು.

ನಮ್ಮ ಕಾಸರಗೋಡು ಕಡೆ ಇನ್ನೊಂದು ತೊಂದರೆ. ಇಲ್ಲಿನ ಆರೋಗ್ಯ ಕೇಂದ್ರದ ಕಾರ್ಡ್ ಒಂದು ಕಡೆ, ಮಂಗಳೂರಿನ ಆಸ್ಪತ್ರೆಯ ಫೈಲ್ ಇನ್ನೊಂದು ಕಡೆ, ಇಲ್ಲಿ ಬದಲಾಯಿಸಿದ ಡೋಸ್ ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಎಲ್ಲಿಗೆ ಹೋದರೂ ಎರಡನ್ನೂ ಒಯ್ಯಿರಿ, ಎಷ್ಟು ಮೈಕ್ರೋಗ್ರಾಂ ಅಂತ ಎರಡರಲ್ಲೂ ಬರೆಸಿಕೊಳ್ಳಿ.